ಅಜ್ಜನ ಜೀಪು, ಜಪಾನಿಯರ ಗುಂಡು

ನಮ್ಮ ಮನೆ ಜೀಪಿನ ಎಡಮಗ್ಗುಲಲ್ಲಿ ಒಂದಷ್ಟು ತೂತುಗಳಿವೆ. ದೊಡ್ಡವೇನಲ್ಲ. ತುಕ್ಕು ತಿಂದು ಅಂಚು ಅಗಲವಾಗಿ, ಮಕ್ಕಳ ಕಿರುಬೆರಳು ಹೋಗುವಷ್ಟು ಆಗಿವೆ, ಅಷ್ಟೆ. ನಾನು ಚಿಕ್ಕವನಿದ್ದಾಗ ಅಜ್ಜ ನನ್ನ ಬೆರಳು ಹಿಡಿದು ಅದರೊಳಗೆ ತೂರಿಸಿ, "ಇದು ಜಪಾನಿಯವರು ಹೊಡೆದ ಗುಂಡು ಕಣೋ, ಬರ್ಮಾದಲ್ಲಿ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಜುಂ ಅನ್ನುತ್ತಿತ್ತು. ಶಾಲೆಯಲ್ಲಿ ಈ ಗುಂಡಿನ ತೂತಿನ ಮೇಲೆ ನಾನು ಗಳಿಸಿದ ಮರ್ಯಾದೆ ಪರೀಕ್ಷೆಯ ಮಾರ್ಕ್ಸಿನಿಂದ ಯಾವತ್ತೂ ಗಳಿಸಲಿಲ್ಲ ಬಿಡಿ. ಭಾನುವಾರ ಗೆಳೆಯರು ತೋಟದವರೆಗೆ ನಡೆದು ಬಂದು, ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಬೆರಳು ಹಾಕಿ ನೋಡಿ ಹೋಗಿದ್ದೂ ಉಂಟು.

ಈ ಜೀಪಿನ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಕಳೆದ ವರ್ಷ ಮನೆಯಲ್ಲಿ ಇದೇ ವಿಷಯಕ್ಕೆ ಸಣ್ಣ ಜಗಳ ಆಯ್ತು ನೋಡಿ, ಆಗ ಒಂದಿಷ್ಟು ಹಳೇ ಸಂಗತಿಗಳನ್ನು ಕೆದಕಬೇಕಾಗಿ ಬಂತು. ಹಾಗಾಗಿ ಈಗ ಕೂತಿದ್ದೇನೆ.

ದೀಪಾವಳಿಗೆ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಬಂದಿದ್ದ. ಅವನಿಗೆ ಹಳೇ ಗಾಡಿಗಳ ಹುಚ್ಚು. ಹಬ್ಬದೂಟ ಮುಗಿಸಿ ಎಲೆ ಎತ್ತುವ ಮೊದಲೇ ಶೆಡ್ಡಿಗೆ ಹೋಗಿ ಜೀಪಿನ ಸುತ್ತ ನಾಲ್ಕು ಪ್ರದಕ್ಷಿಣೆ ಹಾಕಿ ಬಂದವನು, "ಅಣ್ಣಾ, ಇದನ್ನ ಪೂರ್ತಿ ರಿಸ್ಟೋರ್ ಮಾಡ್ಸೋಣ. ಫ್ಯಾಕ್ಟರಿಯಿಂದ ಆಚೆ ಬಂದಾಗ ಹೇಗಿತ್ತೋ ಹಾಗೇ. ಮಿಲಿಟರಿ ಹಸಿರು, ಬಾನೆಟ್ ಮೇಲೆ ಬಿಳೀ ನಕ್ಷತ್ರ, ಪಕ್ಕದಲ್ಲಿ ಕೊಡಲಿ, ಸಲಿಕೆ, ಹಿಂದೆ ಜೆರಿ ಕ್ಯಾನು. ಅರ್ಧ ಖರ್ಚು ನಂದು" ಅಂದ. ನನಗೂ ಖುಷಿಯೇ ಆಯ್ತು. ಯಾರಿಗೆ ಆಗಲ್ಲ ಹೇಳಿ? ಆರ್‌ಸಿ ನವೀಕರಣಕ್ಕೂ ದಿನ ಹತ್ತಿರ ಬಂದಿತ್ತು. ಒಂದೇ ಸಲಕ್ಕೆ ಎರಡೂ ಕೆಲಸ ಮುಗಿಯುತ್ತೆ ಅಂತ ಒಪ್ಪಿಕೊಂಡುಬಿಟ್ಟೆ.

ಆದರೆ ಫ್ಯಾಕ್ಟರಿಯಿಂದ ಆಚೆ ಬಂದಾಗ ಹೇಗಿತ್ತು ಅಂತ ಗೊತ್ತಾಗಬೇಕಾದರೆ ಮೊದಲು ಯಾವ ಫ್ಯಾಕ್ಟರಿ ಅಂತ ಗೊತ್ತಾಗಬೇಕಲ್ಲ. ಅಲ್ಲಿಂದಲೇ ಗೊಂದಲ ಶುರುವಾಯ್ತು.

ಜೀಪು ಅಂದರೆ ವಿಲ್ಲಿಸ್ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ನಮ್ಮ ಕಡೆ ತೋಟದವರ ಬಾಯಲ್ಲಂತೂ ಅದು 'ವಿಲ್ಸ್ ಜೀಪು', ಸಿಗರೇಟಿನ ಹೆಸರಿನ ಹಾಗೆ. ಆದರೆ ಮೊದಲ ಜೀಪು ಮಾಡಿದ್ದು ವಿಲ್ಲಿಸ್ ಕಂಪನಿ ಅಲ್ಲ. 1940ರಲ್ಲಿ ಯುರೋಪಿನಲ್ಲಿ ಯುದ್ಧ ಜೋರಾದಾಗ, ತಾನಿನ್ನೂ ಯುದ್ಧಕ್ಕೆ ಇಳಿಯದಿದ್ದ ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಪುಟ್ಟ ಗಾಡಿಯೊಂದು ಬೇಕು ಅಂತ 135 ಕಂಪನಿಗಳಿಗೆ ಕಾಗದ ಬರೆಯಿತು. ಉತ್ತರ ಕೊಟ್ಟವು ಎರಡೇ ಎರಡು. ಅದರಲ್ಲಿ ಒಂದು ಪೆನ್ಸಿಲ್ವೇನಿಯಾದ ಬಟ್ಲರ್ ಅನ್ನುವ ಊರಿನ ಬ್ಯಾಂಟಮ್. ದಿವಾಳಿಯ ಅಂಚಿನಲ್ಲಿದ್ದ ಸಣ್ಣ ಕಂಪನಿ. ಕಾರ್ಲ್ ಪ್ರೋಬ್ಸ್ಟ್ ಅನ್ನುವ ಎಂಜಿನಿಯರನ್ನು ಕರೆಸಿ ನಕ್ಷೆ ಬರೆಸಿದರು. ಮೊದಲ ಗಾಡಿಗೆ ಕೊಟ್ಟಿದ್ದ ಗಡುವು 49 ದಿನ. ಸೆಪ್ಟೆಂಬರ್ 23ರಂದು, ಗಡುವು ಮುಗಿಯಲು ಅರ್ಧ ಗಂಟೆ ಇರುವಾಗ, ಗಾಡಿಯನ್ನು ಓಡಿಸಿಕೊಂಡೇ ಹೋಗಿ ಮೇರಿಲ್ಯಾಂಡಿನ ಹೋಲಾಬರ್ಡ್ ಶಿಬಿರದಲ್ಲಿ ಒಪ್ಪಿಸಿದರಂತೆ.

ಸೈನ್ಯಕ್ಕೆ ಗಾಡಿ ಹಿಡಿಸಿತು. ಆದರೆ ಈ ಬಡಪಾಯಿ ಕಂಪನಿ ಸಾವಿರಗಟ್ಟಲೆ ಮಾಡಿಕೊಟ್ಟೀತೇ ಅಂತ ಅನುಮಾನ. ಬ್ಯಾಂಟಮ್‌ನ ನಕ್ಷೆಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ತೋರಿಸಿಬಿಟ್ಟರು! ಓಹಾಯೋದ ಟೊಲೀಡೊ ಊರಿನ ವಿಲ್ಲಿಸ್ ಹತ್ತಿರ ಬಾರ್ನಿ ರೂಸ್ ಅನ್ನುವವರು ತಿದ್ದಿ ತೀಡಿದ್ದ 'ಗೋ ಡೆವಿಲ್' ಎಂಜಿನ್ ಇತ್ತು. 2.2 ಲೀಟರ್, 60 ಅಶ್ವಶಕ್ತಿ, ಮೂವರಲ್ಲಿ ಇದೇ ಗಟ್ಟಿ. 1941ರ ಜುಲೈನಲ್ಲಿ ದೊಡ್ಡ ಆರ್ಡರ್ ವಿಲ್ಲಿಸ್‌ಗೆ ಹೋಯಿತು. ಒಂದೇ ಕಂಪನಿ ಸಾಲದು ಅಂತ ಆಮೇಲೆ ಫೋರ್ಡ್‌ಗೂ ಕೊಟ್ಟರು, ಒಂದೇ ಷರತ್ತಿನ ಮೇಲೆ: ವಿಲ್ಲಿಸ್‌ನ ನಕ್ಷೆಯ ಪ್ರಕಾರವೇ ಮಾಡಬೇಕು, ಇದರ ಭಾಗ ಅದಕ್ಕೆ, ಅದರ ಭಾಗ ಇದಕ್ಕೆ ಕೂರಬೇಕು. ಯುದ್ಧ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ಸುಮಾರು 6 ಲಕ್ಷ 40 ಸಾವಿರ ಜೀಪು ಮಾಡಿದ್ದರು. ಹೆರಿಗೆ ನೋವು ಉಂಡ ಬ್ಯಾಂಟಮ್ ಮಾಡಿದ್ದು ಮೂರು ಸಾವಿರಕ್ಕೂ ಕಡಿಮೆ. ಸಮಾಧಾನಕ್ಕೆ ಅಂತ ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಮಾಡುವ ಕೆಲಸ ಕೊಟ್ಟರು. ಈ ಭಾಗ ಓದುವಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ತಮ್ಮ ಟಾರ್ಚು ಹಿಡಿದು ಜೀಪಿನ ಕೆಳಗೆ ನುಗ್ಗಿದ. ವಿಲ್ಲಿಸ್ ಎಂಬಿಗೂ ಫೋರ್ಡ್ ಜಿಪಿಡಬ್ಲ್ಯುಗೂ ವ್ಯತ್ಯಾಸ ಕಂಡುಹಿಡಿಯಲು ಸುಲಭದ ಗುರುತು ಒಂದಿದೆ. ರೇಡಿಯೇಟರ್ ಕೆಳಗೆ ಚಾಸಿಸ್ಸಿನ ಎರಡು ಉದ್ದದ ತೊಲೆಗಳನ್ನು ಜೋಡಿಸುವ ಅಡ್ಡಪಟ್ಟಿ ವಿಲ್ಲಿಸ್‌ನಲ್ಲಿ ದುಂಡನೆಯ ಪೈಪು, ಫೋರ್ಡ್‌ನಲ್ಲಿ ಚೌಕನೆಯದು. ಕೆಳಗಿನಿಂದಲೇ ಕೂಗಿದ, "ಅಣ್ಣಾ, ಇದು ವಿಲ್ಲಿಸ್ ಅಲ್ಲ! ಫೋರ್ಡ್!" ಹೆನ್ರಿ ಫೋರ್ಡರ ಕಂಪನಿಗೆ ತನ್ನ ಗಾಡಿಯ ಬೋಲ್ಟುಗಳ ತಲೆಯ ಮೇಲೂ 'ಎಫ್' ಅಂತ ಅಚ್ಚೊತ್ತುವ ಚಟ ಇತ್ತು. ಸೀಮೆಎಣ್ಣೆ ಬಟ್ಟೆ ಹಿಡಿದು ಒಂದೊಂದೇ ಬೋಲ್ಟು ಒರೆಸುತ್ತಾ ಹೋದೆವು. ಒಂದರಲ್ಲಿ ಎಫ್ ಇದೆ, ಪಕ್ಕದ್ದರಲ್ಲಿ ಇಲ್ಲ. ಅದರಾಚೆಗಿನದು ಜೆ.ಸಿ. ರಸ್ತೆಯಿಂದ ಬಂದದ್ದು, ನೋಡಿದರೇ ಗೊತ್ತಾಗುತ್ತೆ.

ಹಳೇ ಪೆಟ್ರೋಲ್ ಎಂಜಿನ್ ಇನ್ನೂ ನಮ್ಮ ಗೋಡೌನಿನ ಮೂಲೆಯಲ್ಲಿದೆ. ಅಪ್ಪ 1991ರಲ್ಲಿ ಅದನ್ನು ಇಳಿಸಿ, ಅನುಮತಿ ತಗೊಂಡು, ಆರ್‌ಸಿಯಲ್ಲಿ ಬರೆಸಿ, ಮಹೀಂದ್ರದ ಡೀಸೆಲ್ ಎಂಜಿನ್ ಕೂರಿಸಿದ್ದರು. ಗೋಣಿಚೀಲ ಸರಿಸಿ ಅದರ ನಂಬರ್ ನೋಡಿದರೆ ಶುರುವಾಗುವುದೇ 'ಎಂಬಿ' ಅಂತ. ಅಂದರೆ ವಿಲ್ಲಿಸ್! ಚಾಸಿಸ್ ಫೋರ್ಡಿನದು, ಎಂಜಿನ್ ವಿಲ್ಲಿಸ್‌ನದು. ಇದು ಅಜ್ಜನ ಕಾಲದ ಕಿತಾಪತಿ ಇರಬೇಕು ಅಂತ ಪೆಟ್ಟಿಗೆಯಿಂದ 1947ರ ರಿಜಿಸ್ಟ್ರೇಶನ್ ಪುಸ್ತಕ ತೆಗೆದು ನೋಡಿದೆವು. ಅದರಲ್ಲೂ ಇದೇ ಎಂಜಿನ್ ನಂಬರ್. ಅಜ್ಜನ ಕೈಗೆ ಬರುವ ಮೊದಲೇ, ಸೈನ್ಯದ ವರ್ಕ್‌ಶಾಪಿನಲ್ಲೇ ಯಾರೋ ಒಂದರ ಎಂಜಿನ್ ಇನ್ನೊಂದಕ್ಕೆ ಹಾಕಿದ್ದರು. ಹಾಗೆ ಹಾಕಲಿ ಅಂತಲೇ ಅಲ್ಲವೇ ಆ ಷರತ್ತು ಇದ್ದದ್ದು.

"ಈಗ ಹೇಳಪ್ಪ, ಯಾವ ಫ್ಯಾಕ್ಟರಿಯಿಂದ ಆಚೆ ಬಂದ ಹಾಗೆ ಮಾಡ್ಸೋಣ?" ಅಂದೆ. ತಮ್ಮ ತಲೆ ಕೆರೆದುಕೊಂಡ :-)

ಮಲೆನಾಡಿಗೆ ಇವು ಬಂದಿದ್ದು ಹೇಗೆ ಅನ್ನುವುದು ಇನ್ನೊಂದು ಕಥೆ. ಬರ್ಮಾದಿಂದ ಜಪಾನಿಯರನ್ನು ಓಡಿಸಲು, ಚೀನಾಕ್ಕೆ ಸಾಮಾನು ಸಾಗಿಸಲು ಅಮೆರಿಕದವರು ಭಾರತವನ್ನೇ ಉಗ್ರಾಣ ಮಾಡಿಕೊಂಡಿದ್ದರು. ಅಸ್ಸಾಮಿನ ಲೇಡೊದಿಂದ ಬೆಟ್ಟ ಕಡಿದು ರಸ್ತೆ ಮಾಡಿದರು. 1945ರ ಜನವರಿ 12ಕ್ಕೆ ಹೊರಟ ಮೊದಲ ವಾಹನಗಳ ಸಾಲು ಚೀನಾದ ಕುನ್ಮಿಂಗ್ ತಲುಪಿದ್ದು ಫೆಬ್ರವರಿ 4ಕ್ಕೆ. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ 1943ರಿಂದ ಅಮೆರಿಕದ ಸೈನ್ಯದ ಕೈಯಲ್ಲಿತ್ತು, ಅವರ ವಿಮಾನಗಳ ರಿಪೇರಿಗೆ. ಇತ್ತ ಬ್ರಿಟಿಷರ ಭಾರತೀಯ ಸೈನ್ಯಕ್ಕೂ ಸಾವಿರಾರು ಜೀಪು ಬಂದಿದ್ದವು. 1945ರ ಆಗಸ್ಟಿನಲ್ಲಿ ಯುದ್ಧ ನಿಂತುಹೋಯಿತು. ಹಡಗಿನಲ್ಲಿ ವಾಪಸ್ ಒಯ್ಯುವ ಖರ್ಚಿಗಿಂತ ಇಲ್ಲೇ ಬಿಟ್ಟು ಹೋಗುವುದು ಲಾಭ ಅಂತ 1946ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡು ಲೆಕ್ಕ ಚುಕ್ತಾ ಮಾಡಿದವು. ಉಳಿದ ಮಾಲನ್ನು ಮಾರಲು ಡಿಸ್ಪೋಸಲ್ಸ್ ಅಂತ ಸರ್ಕಾರದ ಇಲಾಖೆಯೇ ಇತ್ತು. ನಮ್ಮ ಕಡೆ ಇವತ್ತಿಗೂ ಹಳಬರು 'ಡಿಸ್ಪೋಜಲ್ ಜೀಪು', 'ಡಿಸ್ಪೋಜಲ್ ಲಾರಿ' ಅನ್ನುವುದು ಆ ಹೆಸರಿನಿಂದಲೇ. ಪಶ್ಚಿಮ ಬಂಗಾಳದಲ್ಲಿ ಪಾನಾಗಢ ಅನ್ನುವ ಊರಿದೆ, ಯುದ್ಧದ ಕಾಲದಲ್ಲಿ ಅಮೆರಿಕದವರ ದೊಡ್ಡ ಡಿಪೋ ಇದ್ದ ಜಾಗ. ಮಿಲಿಟರಿ ಗಾಡಿಗಳ ಗುಜರಿಗೆ ಅದು ಆಮೇಲೂ ಹೆಸರುವಾಸಿ. (ಈಗ ಸರ್ಕಾರದ ಹರಾಜೆಲ್ಲ ಇಂಟರ್ನೆಟ್ಟಿನಲ್ಲಿ ನಡೆಯುತ್ತೆ. ಅಜ್ಜನಿಗೆ ಹೇಳಿದ್ದರೆ ಗಾಡಿ ಮುಟ್ಟಿ ನೋಡದೆ ಕೂಗೋದು ಹೇಗೋ ಅನ್ನುತ್ತಿದ್ದರು.)

ಅಜ್ಜ ನಮ್ಮ ಜೀಪು ತಂದಿದ್ದು ಬೆಂಗಳೂರಿನ ಹರಾಜಿನಲ್ಲಿ. ಆ ವರ್ಷದ ಮೆಣಸಿನ ದುಡ್ಡೆಲ್ಲ ಅದಕ್ಕೇ ಹೋಯಿತು ಅಂತ ಅಜ್ಜಿ ಸಾಯುವವರೆಗೂ ಹೇಳುತ್ತಿದ್ದರು. ಅಲ್ಲಿಂದ ಸಕಲೇಶಪುರದವರೆಗೆ ಓಡಿಸಿಕೊಂಡು ಬರಲು ಎರಡು ದಿನ ಬೇಕಾಯಿತಂತೆ. ಅದೇ 1947ರಲ್ಲಿ ಬೊಂಬಾಯಿಯಲ್ಲಿ ಮಹೀಂದ್ರದವರು ಹೊಸ ಜೀಪುಗಳನ್ನು ಜೋಡಿಸಲು ಶುರು ಮಾಡಿದ್ದರು. ಆದರೆ ಕಾಡುದಾರಿಯ ತುದಿಯಲ್ಲಿ ನಾಲ್ಕೆಕರೆ ಕಾಫಿ ಇಟ್ಟುಕೊಂಡವನಿಗೆ ಹೊಸದು ಎಲ್ಲಿಂದ ಬರಬೇಕು?

ಹಳೇ ಮಿಲಿಟರಿ ಜೀಪು ಕೊಂಡು ಮೋಸ ಹೋಗುವುದೂ ಆಗ ಮಾಮೂಲಿ. ಅಂಥವರ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಸರ್ಕಾರದ್ದೇ! 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ಸೈನ್ಯಕ್ಕೆ ತುರ್ತಾಗಿ ಜೀಪು ಬೇಕು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಮಾಮೂಲಿ ಪದ್ಧತಿ ಬದಿಗಿಟ್ಟು ವಿದೇಶಿ ಕಂಪನಿಯೊಂದರ ಜೊತೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡರು, ರಿಪೇರಿ ಮಾಡಿದ ಹಳೇ ಜೀಪುಗಳಿಗೆ. ಮದ್ರಾಸಿಗೆ ಬಂದು ಇಳಿದಿದ್ದು 155. ಅವೂ ಬಳಕೆಗೆ ಯೋಗ್ಯವಾಗಿರಲಿಲ್ಲ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಅಂತ ಹೆಸರಾಗಿದ್ದು ಇದೇ. 1955ರಲ್ಲಿ ಸರ್ಕಾರ ಈ ಪ್ರಕರಣ ಮುಗಿಯಿತು ಅಂದಿತು, 1956ರಲ್ಲಿ ಮೆನನ್ ಕೇಂದ್ರ ಮಂತ್ರಿಯಾದರು, 1957ರಲ್ಲಿ ರಕ್ಷಣಾ ಮಂತ್ರಿ. ಅಷ್ಟೆಲ್ಲ ಅಧಿಕಾರಿಗಳಿದ್ದೂ ಸರ್ಕಾರಕ್ಕೆ ಆಗದ ಕೆಲಸವನ್ನು ನಮ್ಮಜ್ಜ ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಮೂಸಿ ನೋಡಿ ಮಾಡಿಕೊಂಡು ಬಂದಿದ್ದರು ಅಂತ ನನಗೆ ಸ್ವಲ್ಪ ಜಂಬ.

ತಂದದ್ದೇನೋ ಆಯಿತು, ತೋಟಕ್ಕೆ ಹೊಂದಿಸಬೇಕಲ್ಲ. ಯುದ್ಧದ ಜೀಪಿಗೆ ಹಿಂದೆ ಬಾಗಿಲಿಲ್ಲ. ಹಿಂಭಾಗ ಮುಚ್ಚಿದ ತಗಡು, ಅದರ ಮೇಲೆ ಸ್ಟೆಪ್ನಿ ಮತ್ತು ಜೆರಿ ಕ್ಯಾನು. ಸಿಪಾಯಿಗಳು ಪಕ್ಕದಿಂದ ಹಾರಿ ಕೂರುತ್ತಿದ್ದರು, ಕಾಫಿ ಮೂಟೆ ಹಾರುತ್ತದೆಯೇ? ಅಜ್ಜ ಮೊದಲು ಮಾಡಿದ ಕೆಲಸ ಊರಿನ ಕಮ್ಮಾರರನ್ನು ಕರೆಸಿ ಹಿಂದಿನ ತಗಡು ಕತ್ತರಿಸಿ, ಕೆಳಕ್ಕೆ ಮಗುಚುವ ಬಾಗಿಲು ಮಾಡಿಸಿದ್ದು. ಸ್ಟೆಪ್ನಿಯನ್ನು ಪಕ್ಕಕ್ಕೆ ಹಾಕಿಸಿದರು. ನನಗೆ ಆಶ್ಚರ್ಯ ಆಗಿದ್ದು ಏನು ಗೊತ್ತೇ? ಯುದ್ಧ ಮುಗಿಯುತ್ತಿದ್ದಂತೆ 1945ರಲ್ಲಿ ವಿಲ್ಲಿಸ್ ಕಂಪನಿ ರೈತರಿಗೆ ಅಂತ ಸಿಜೆ-2ಎ ಅನ್ನುವ ಜೀಪು ಬಿಟ್ಟಿತು. ಅದರಲ್ಲಿ ಮಾಡಿದ ಮುಖ್ಯ ಬದಲಾವಣೆಗಳು ಇವೇ: ಹಿಂದೆ ಕೆಳಕ್ಕೆ ಮಗುಚುವ ಬಾಗಿಲು, ಸ್ಟೆಪ್ನಿ ಪಕ್ಕಕ್ಕೆ. ಟೊಲೀಡೊದ ಎಂಜಿನಿಯರುಗಳಿಗೂ ನಮ್ಮೂರಿನ ಕುಲುಮೆಯವರಿಗೂ ಹೊಳೆದಿದ್ದು ಒಂದೇ, ಯಾಕೆಂದರೆ ಇಬ್ಬರ ಮುಂದೆಯೂ ಇದ್ದದ್ದು ಮೂಟೆ.

ಆ ಹೊಸ ಜೀಪಿನಲ್ಲಿ ಎಂಜಿನ್ ಬಲದಿಂದ ಬೇರೆ ಯಂತ್ರ ತಿರುಗಿಸಲು ಬೆಲ್ಟ್ ಹಾಕುವ ರಾಟೆಯನ್ನೂ ಜೋಡಿಸಿಕೊಳ್ಳಬಹುದಿತ್ತು. ನಮ್ಮಲ್ಲಿ ಅದೆಲ್ಲ ಎಲ್ಲಿಂದ ಬರಬೇಕು. ಒಂದು ವರ್ಷ ಪಲ್ಪರ್‌ನ ಎಂಜಿನ್ ಕೈಕೊಟ್ಟಾಗ ಅಜ್ಜ ಜೀಪಿನ ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ, ಟೈರು ಬಿಚ್ಚಿ, ರಿಮ್ಮಿಗೆ ಬೆಲ್ಟ್ ಸುತ್ತಿ ಪಲ್ಪರ್ ಓಡಿಸಿದ್ದರಂತೆ. ಆ ಸೀಸನ್ ಹಣ್ಣೆಲ್ಲ ಹಾಗೇ ಪಲ್ಪ್ ಆಯಿತು. ಆಮೇಲೆ ಡಿಫರೆನ್ಷಿಯಲ್ ಹೋಯಿತು, ಅದು ಬೇರೆ ವಿಷಯ.

ಮಳೆಗಾಲಕ್ಕೆ ಈ ಗಾಡಿ ಹೇಳಿ ಮಾಡಿಸಿದ್ದಲ್ಲವೇ ಅಲ್ಲ. ಮೇಲೊಂದು ಕ್ಯಾನ್ವಾಸ್, ಪಕ್ಕದಲ್ಲಿ ಏನೂ ಇಲ್ಲ. ವೈಪರ್ ಕೈಯಲ್ಲಿ ತಿರುಗಿಸುವಂಥದ್ದು! ಹೌದು, ಯುದ್ಧದ ಜೀಪಿನಲ್ಲಿ ವೈಪರಿಗೆ ಮೋಟಾರ್ ಇರಲಿಲ್ಲ, ಒಳಗಿನಿಂದ ಹಿಡಿ ಹಿಡಿದು ಆ ಕಡೆ ಈ ಕಡೆ ಆಡಿಸಬೇಕಿತ್ತು. ಆಷಾಢದ ಮಳೆಯಲ್ಲಿ ಅಜ್ಜ ಓಡಿಸುವಾಗ ಪಕ್ಕದಲ್ಲಿ ಕೂತು ವೈಪರ್ ಆಡಿಸುವುದು ಆಗ ಏಳೆಂಟು ವರ್ಷದ ಹುಡುಗನಾಗಿದ್ದ ಅಪ್ಪನ ಕೆಲಸ. ಕೈ ನಿಂತರೆ ಬೈಗುಳ. ಆಮೇಲೆ ಕಬ್ಬಿಣದ ಪೈಪಿನ ಚೌಕಟ್ಟು ಬಂತು, ಟಾರ್ಪಾಲು ಬಂತು, ಹಿಂದೆ ಎದುರುಬದುರು ಬೆಂಚು ಬಂತು. ಸ್ಟೀರಿಂಗ್ ಎಡಗಡೆಯೇ ಉಳಿಯಿತು, ಹಿಂದೆ 'ಲೆಫ್ಟ್ ಹ್ಯಾಂಡ್ ಡ್ರೈವ್' ಅಂತ ಬಿಳೀ ಅಕ್ಷರದಲ್ಲಿ ಬರೆಸಿದರು. ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಅಡಿಯಲ್ಲೇ ಇದೆ. ಸೀಟು ಎತ್ತಿ ಮುಚ್ಚಳ ತೆಗೆದು ಪೆಟ್ರೋಲ್ ಸುರಿಯಬೇಕು. ಅಜ್ಜ ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಅಜ್ಜಿಗೆ ಜಪಾನಿಯರಿಗಿಂತ ಆ ಬೀಡಿಯ ಭಯವೇ ಜಾಸ್ತಿ ಇತ್ತು.

ಸೈನ್ಯದವರ ಬುದ್ಧಿವಂತಿಕೆಗೆ ಅಜ್ಜ ತಲೆದೂಗುತ್ತಿದ್ದದ್ದು ಹೆಡ್‌ಲೈಟಿನ ವಿಷಯಕ್ಕೆ. ಅವು ಕೀಲಿನ ಮೇಲೆ ಕೂತಿವೆ. ಬಾನೆಟ್ ಎತ್ತಿ, ಒಂದು ನಟ್ಟು ಸಡಿಲಿಸಿ ದೀಪವನ್ನು ಹಿಂದಕ್ಕೆ ಮಗುಚಿದರೆ ಬೆಳಕು ನೇರ ಎಂಜಿನ್ ಮೇಲೆ ಬೀಳುತ್ತೆ. ಶಿರಾಡಿ ಘಾಟಿಯಲ್ಲಿ ರಾತ್ರಿ ಕೆಟ್ಟು ನಿಂತಾಗ ಎಷ್ಟು ಸಲ ಉಪಯೋಗಕ್ಕೆ ಬಂತೋ. ಬ್ಯಾಟರಿ ಮಾತ್ರ 6 ವೋಲ್ಟಿನದು, ದೀಪವೂ ಮಿಣುಕು. ಡೀಸೆಲ್ ಎಂಜಿನ್ ಬಂದಾಗ ಅಪ್ಪ ಎಲ್ಲವನ್ನೂ 12 ವೋಲ್ಟಿಗೆ ಬದಲಾಯಿಸಿದರು. ಸಾಮಾನು ಹುಡುಕಲು ಅಜ್ಜ ವರ್ಷಕ್ಕೆರಡು ಸಲ ಬೆಂಗಳೂರಿಗೆ ಹೋಗುತ್ತಿದ್ದರು, ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ಮೇಣದ ಕಾಗದದಲ್ಲಿ ಸುತ್ತಿದ, ಗ್ರೀಸು ಮೆತ್ತಿದ ಬೇರಿಂಗು ಸಿಕ್ಕರೆ ಮೈಸೂರ್ ಪಾಕ್ ಪೊಟ್ಟಣದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ಸಿಳಿಯುತ್ತಿದ್ದರು.

ದೊಡ್ಡಪ್ಪ ಒಮ್ಮೆ ಜೋಂಗಾ ತರುವ ಯೋಚನೆ ಮಾಡಿದ್ದರು. ಜೋಂಗಾ ಅಂದರೆ ನಿಸ್ಸಾನ್‌ನ ಪೆಟ್ರೋಲ್ ಗಾಡಿ, ಜಬಲ್ಪುರದ ಸೈನ್ಯದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಹೆಸರು ಬಂದಿದ್ದೂ ಆ ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ. ಸೈನ್ಯ 1990ರ ದಶಕದಲ್ಲಿ ಅವನ್ನು ಕಳಚತೊಡಗಿದಾಗ ತುಂಬಾ ಜನ ಹರಾಜಿನಲ್ಲಿ ಕೊಂಡರು. ಆರು ಸಿಲಿಂಡರ್, ಹತ್ತಿರ ಹತ್ತಿರ 4 ಲೀಟರಿನ ಎಂಜಿನ್. ಕೊಂಡವರಲ್ಲಿ ಎಷ್ಟೋ ಜನ ಪೆಟ್ರೋಲ್ ಬಂಕಿನಲ್ಲಿ ಅಳು ಬಂದು ಲಾರಿಯ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ದೊಡ್ಡಪ್ಪ ಲೆಕ್ಕ ಹಾಕಿ ಸುಮ್ಮನಾದರು.

ಸರಿ, ತೂತಿನ ವಿಷಯಕ್ಕೆ ಬರ್ತೀನಿ.

ಅಮೆರಿಕದ ಸೈನ್ಯ 1944ರಲ್ಲಿ ಜೀಪಿಗೆ ಅಂತ ಟಿಎಂ 9-803 ಅನ್ನುವ ಕೈಪಿಡಿ ಅಚ್ಚು ಹಾಕಿಸಿತ್ತು. ಹೇಗೆ ಓಡಿಸಬೇಕು, ಹೇಗೆ ರಿಪೇರಿ ಮಾಡಬೇಕು, ಗಾಡಿಯ ಜೊತೆ ಏನೇನು ಸಲಕರಣೆ ಇರಬೇಕು, ಎಲ್ಲ ಅದರಲ್ಲಿದೆ. ತಮ್ಮ ಅದರ ಪುಟಗಳನ್ನು ಪ್ರಿಂಟ್ ಹಾಕಿಸಿಕೊಂಡು ಬಂದ. ಕೊಡಲಿ, ಸಲಿಕೆ ಎರಡೂ ಎಡಮಗ್ಗುಲಲ್ಲಿ, ಡ್ರೈವರ್ ಹತ್ತುವ ಜಾಗದ ಕೆಳಗೆ ಅಡ್ಡಡ್ಡಲಾಗಿ ಮಲಗಿರುತ್ತವೆ. ಅವನ್ನು ಹಿಡಿದಿಡಲು ತಗಡಿಗೆ ಬೋಲ್ಟು ಹಾಕಿ ಕೂರಿಸಿದ ಕೊಕ್ಕೆಗಳು, ಬೆಲ್ಟುಗಳು. ಚಿತ್ರವನ್ನು ಜೀಪಿನ ಪಕ್ಕ ಹಿಡಿದ. ನಾನು ನೋಡಿದೆ. ಅವನೂ ನೋಡಿದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಜಪಾನಿಯರ ಗುಂಡು ಬಿದ್ದಿದ್ದ ಜಾಗ ಮತ್ತು ಸಲಿಕೆಯ ಕೊಕ್ಕೆಯ ಬೋಲ್ಟುಗಳ ಜಾಗ ಎರಡೂ ಒಂದೇ.

ನಗು ಬಂತು, ಅದರ ಹಿಂದೆಯೇ ಏನೋ ಕಳಕೊಂಡ ಹಾಗೂ ಆಯ್ತು. ಅಜ್ಜನಿಗೆ ಗೊತ್ತಿರಲಿಲ್ಲವೇ? ಆವತ್ತು ಸಂಜೆ ಗೋಡೌನಿನಲ್ಲಿ ಕತ್ತಿ ತೆಗೆಯಲು ಹೋದಾಗ ಅದಕ್ಕೂ ಉತ್ತರ ಸಿಕ್ಕಿತು. ನಮ್ಮ ಮನೆಯ ಕತ್ತಿಗಳು ನಾನು ಹುಟ್ಟುವ ಮೊದಲಿನಿಂದ ಗೋಡೆಯ ಮೇಲಿನ ಒಂದು ಕಬ್ಬಿಣದ ಕೊಕ್ಕೆಯಲ್ಲಿ ನೇತಾಡುತ್ತಿವೆ. ಬಳೆಯಂತೆ ಬಾಗಿದ, ದಪ್ಪ ತಗಡಿನ ಕೊಕ್ಕೆ. ಒರೆಸಿ ನೋಡಿದರೆ ಮೂಲೆಯಲ್ಲಿ ಸಣ್ಣದಾಗಿ ಎಫ್. ಬಿಚ್ಚಿದವರೂ ಅಜ್ಜನೇ, ಗೋಡೆಗೆ ಹೊಡೆದವರೂ ಅಜ್ಜನೇ. ಗೊತ್ತಿದ್ದೂ ನನಗೆ ಗುಂಡು ಅಂತ ಹೇಳಿದ್ದರು!

ಇಷ್ಟಾದ ಮೇಲೆ ಜಗಳ ಶುರುವಾಗಿದ್ದು ಕಾನೂನು ನೋಡಿದಾಗ. 50 ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಅಂತ ನೋಂದಾಯಿಸಲು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ತಂದಿದೆ. ನಂಬರಿನ ನಡುವೆ 'ವಿಎ' ಅನ್ನುವ ಅಕ್ಷರ ಬರುತ್ತೆ, ಹೊಸದಾಗಿ ನೋಂದಣಿಗೆ 20,000 ರೂಪಾಯಿ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಅಂದರೆ ಹಿಂದಿನ ಬಾಗಿಲು ತೆಗೆದು ತಗಡು ಬೆಸುಗೆ ಹಾಕಿ ಮುಚ್ಚಬೇಕು, ಡೀಸೆಲ್ ಎಂಜಿನ್ ಇಳಿಸಿ ಹಳೇದನ್ನು ಏರಿಸಬೇಕು. ಅಷ್ಟೂ ಮಾಡಿದರೆ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕೆ, ವ್ಯಾಪಾರದ ಕೆಲಸಕ್ಕೆ ಬಳಸುವ ಹಾಗಿಲ್ಲ. ಇನ್ನೊಂದು ತಮಾಷೆ, ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಕ್ಷಣಾ ಇಲಾಖೆಯದ್ದಲ್ಲದ ಯಾವ ಗಾಡಿಗೂ ಆಲಿವ್ ಹಸಿರು ಬಣ್ಣ ಬಳಿಯಬಾರದು. ಮೂಲ ರೂಪದಲ್ಲಿ ಇರಬೇಕು, ಆದರೆ ಮೂಲ ಬಣ್ಣ ಇರಬಾರದು!

"ಬಣ್ಣ ಬಿಡಣ್ಣ, ಏನಾದ್ರೂ ಮಾಡೋಣ" ಅಂದ ತಮ್ಮ. "ಇತಿಹಾಸ ಉಳಿಸೋದು ಮುಖ್ಯ ಅಲ್ವಾ?"

ನನಗೆ ರೇಗಿತು. "ಯಾವ ಇತಿಹಾಸ? ಸೈನ್ಯದಲ್ಲಿ ಇದು ಇದ್ದದ್ದು ಅಬ್ಬಬ್ಬಾ ಅಂದ್ರೆ ನಾಲ್ಕೈದು ವರ್ಷ. ನಮ್ಮನೇಲಿ ಮುಕ್ಕಾಲು ಶತಮಾನ ಆಯ್ತು. ಅಜ್ಜ ಕತ್ತರಿಸಿದ ಬಾಗಿಲು ಇತಿಹಾಸ ಅಲ್ವಾ? ಅಪ್ಪನ ಎಂಜಿನ್?"

"ಹಂಗೆ ಎಲ್ಲರೂ ಅಂದ್ರೆ, ಒಂದಾದ್ರೂ ಕತ್ತರಿಸದೇ ಇರೋ ಜೀಪು ಉಳೀಬೇಡ್ವಾ? ನಿನ್ನ ಮೊಮ್ಮಕ್ಕಳಿಗೆ ಯುದ್ಧದ ಜೀಪು ಅಂತ ಏನು ತೋರಿಸ್ತೀಯ, ಮಹೀಂದ್ರ ಎಂಜಿನ್ನಾ?"

ಅವನ ಮಾತಿನಲ್ಲೂ ಸತ್ಯ ಇದೆ ಅಂತ ನನಗೆ ಆಗಲೇ ಅನ್ನಿಸಿತ್ತು, ಒಪ್ಪಿಕೊಳ್ಳಲಿಲ್ಲ ಅಷ್ಟೆ. ನಿಜ ಹೇಳಬೇಕೆಂದರೆ ಇವತ್ತಿಗೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಲೆನಾಡಿಗೆ ಬಂದ ಡಿಸ್ಪೋಜಲ್ ಜೀಪುಗಳಲ್ಲಿ ನಾನು ನೋಡಿದ ಒಂದೂ ಮೂಲ ರೂಪದಲ್ಲಿಲ್ಲ. ಬದುಕಿ ಉಳಿದಿರುವುದೂ ಕತ್ತರಿಸಿಕೊಂಡದ್ದಕ್ಕೇ ಅನ್ನಿ. ಕತ್ತರಿಸದೇ ಹಾಗೇ ಇಟ್ಟವರದ್ದೆಲ್ಲ ಯಾವತ್ತೋ ಗುಜರಿಗೆ ಹೋದವು.

ಅಮ್ಮ ಒಳಗೆ ಅಡಿಕೆ ಕತ್ತರಿಸುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಮ್ಮ ಗಲಾಟೆ ಒಂದು ಹದಕ್ಕೆ ಬಂದ ಮೇಲೆ ಬಾಗಿಲಿಗೆ ಬಂದು ಕೇಳಿದರು, "ಹಂಗಾದ್ರೆ ಇನ್ಮೇಲೆ ಅದ್ರಲ್ಲಿ ಕೆಳಗಿನ ತೋಟದಿಂದ ಮೂಟೆ ತರೋ ಹಾಗಿಲ್ವೇನೋ?"

"ಇಲ್ಲ ಅಮ್ಮ."

"ಮತ್ತೆ ಅದು ಯಾಕೆ ಬೇಕು?" ಅಂದು ಒಳಗೆ ಹೋದರು.

ಅಲ್ಲಿಗೆ ಮುಗಿಯಿತು. ಮಾಮೂಲಿ ಆರ್‌ಸಿಯನ್ನೇ ನವೀಕರಿಸಿದ್ದಾಯಿತು. ಬ್ರೇಕು ಹೊಸದಾಗಿ ಕಟ್ಟಿಸಿದೆ, ಲೈಟು ಸರಿ ಮಾಡಿಸಿದೆ, ಫಿಟ್ನೆಸ್ ಪಾಸಾಯಿತು. ಬಣ್ಣ ಕೆರೆಯುವಾಗ ಕೆನೆ ಬಣ್ಣದ ಕೆಳಗೆ ನೀಲಿ, ನೀಲಿಯ ಕೆಳಗೆ ರೆಡ್ ಆಕ್ಸೈಡು, ಎಲ್ಲಕ್ಕೂ ಕೆಳಗೆ ಅದೇ ಮಿಲಿಟರಿ ಹಸಿರು. ಡ್ಯಾಶ್‌ಬೋರ್ಡಿನ ಒಂದು ಮೂಲೆಯಲ್ಲಿ ಅಂಗೈಯಗಲ ಹಾಗೇ ಬಿಟ್ಟು ಉಳಿದದ್ದಕ್ಕೆ ಬೂದು ಬಣ್ಣ ಹೊಡೆಸಿದೆ.

ಗೋಡೌನಿನ ವಿಲ್ಲಿಸ್ ಎಂಜಿನ್ ತಮ್ಮನಿಗೆ ಕೊಟ್ಟೆ. ಅವನ ಗೆಳೆಯರೊಬ್ಬರು ಇನ್ನೊಂದು ಜೀಪನ್ನು ಪೂರ್ತಿ ಮೂಲ ರೂಪಕ್ಕೆ ತರುತ್ತಿದ್ದಾರಂತೆ, ಅವರ ಹತ್ತಿರ ಎಂಜಿನ್ ಇಲ್ಲ. ಕೊಡುವಾಗ ಕಷ್ಟವಾಯಿತು. ಆದರೆ ಅದು ಹಿಂದೆಯೂ ಒಂದು ಗಾಡಿಯಿಂದ ಇನ್ನೊಂದಕ್ಕೆ ಹೋಗಿ ಬಂದಿದ್ದೇ ತಾನೇ. ಅಜ್ಜ ಕತ್ತರಿಸಿದ ಹಿಂದಿನ ತಗಡನ್ನೂ ಹುಡುಕಿದ, ಅದು ಕೋಳಿಗೂಡಿನ ಬಾಗಿಲಾಗಿ ಇನ್ನೂ ಚೆನ್ನಾಗಿದೆ. ಅಮ್ಮ ಕೊಡಲಿಲ್ಲ.

ನಾನು ಮೂಲ ರೂಪಕ್ಕೆ ತಂದಿದ್ದು ಒಂದೇ ಒಂದು ವಸ್ತುವನ್ನು. ಗೋಡೆಯ ಕೊಕ್ಕೆ ಬಿಚ್ಚಿ, ಅದೇ ತೂತುಗಳಿಗೆ ಬೋಲ್ಟು ಹಾಕಿ ಕೂರಿಸಿ, ಸಲಿಕೆ ಸಿಕ್ಕಿಸಿದೆ. ಯೋಚಿಸಿದರೆ ಜೂನಿನಲ್ಲಿ ಅಜ್ಜ ಗಾಡಿಯ ಹಿಂದೆ ಹಾಕಿಕೊಂಡು ಹೋಗುತ್ತಿದ್ದದ್ದೂ ಅದೇ, ಸಲಿಕೆ, ಕೊಡಲಿ, ಹಗ್ಗ, ಚಕ್ರಕ್ಕೆ ಕಟ್ಟುವ ಚೈನು. ದಾರಿಯಲ್ಲಿ ಮರ ಬಿದ್ದಿದ್ದರೆ ಕಡಿಯಲು, ಕೆಸರಿನಲ್ಲಿ ಹೂತರೆ ಅಗೆಯಲು. ಸಂತೆಯಲ್ಲಿ ಕೊಂಡ ನಮ್ಮ ಸಲಿಕೆಯ ಕಾವು ಅಮೆರಿಕದ್ದಕ್ಕಿಂತ ಉದ್ದ, ಹಿಂದೆ ಒಂದು ಗೇಣು ಆಚೆ ಚಾಚಿಕೊಂಡಿದೆ. ಮೊನ್ನೆ ಸಂತೆಗೆ ಹೋದಾಗ ಬಸ್ಸಿನ ಕಂಡಕ್ಟರ್ ನೋಡಿ ಬೈದ, ಕೆಂಪು ಬಟ್ಟೆ ಕಟ್ಟಿಕೊಂಡು ಹೋಗಿ ಅಂತ. ಕಟ್ಟಿದ್ದೇನೆ.

ಮಗಳು ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಗೆಳತಿಯರು ಬೇಸಿಗೆ ರಜಕ್ಕೆ ಬರುವವರಿದ್ದರಂತೆ, ಗುಂಡಿನ ತೂತು ನೋಡಲು.